ಹಳದಿ ಫಲಕದ ಕಡಲು

ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರಿನ ಕೆಳಗೆ ಸಣ್ಣ ಅಕ್ಷರದ ಇನ್ನೊಂದು ಸಾಲಿರುತ್ತದೆ: ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ. ಅರಸೀಕೆರೆಯವರಿಗೆ ಕಡಲು ಕಟ್ಟಿಕೊಂಡು ಆಗಬೇಕಾದ್ದೇನು ಎಂದು ಚಿಕ್ಕಂದಿನಲ್ಲಿ ನಗು ಬರುತ್ತಿತ್ತು. ಊರಿಂದೂರಿಗೆ ಏರೆಷ್ಟು, ಇಳಿಜಾರೆಷ್ಟು ಎಂದು ಲೆಕ್ಕ ಹಾಕಲು ಎಲ್ಲಕ್ಕೂ ಒಂದೇ ನೆಲೆ ಬೇಕೆಂದು ಆಮೇಲೆ ತಿಳಿಯಿತು. ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರ ಇಳಿತ ಅಳೆದು, 1909ರ ಹೊತ್ತಿಗೆ ಆ ನೆಲೆಯನ್ನು ಗೊತ್ತು ಮಾಡಿದರು. ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು! ಬಯಲುಸೀಮೆಯ ಪ್ಲಾಟ್‌ಫಾರ್ಮಿನಲ್ಲಿ ವಡೆ ತಿನ್ನುತ್ತ ನಿಂತವನ ತಲೆಯ ಮೇಲಿನ ಅಂಕಿಯಲ್ಲಿ ಕಾರವಾರದ ಅಲೆಯದೂ ಒಂದು ಪಾಲು.

ಅಂದಿನಿಂದ ಬೆಂಗಳೂರಿಂದ ಮಂಗಳೂರಿಗೆ ಹೋಗುವುದಿದ್ದರೆ ನನಗೆ ಹಗಲು ರೈಲೇ ಆಗಬೇಕು. ರಾತ್ರಿ ಬಸ್ಸಿನಲ್ಲಿ ಮಲಗಿ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಕಣ್ಣು ಬಿಟ್ಟವನಿಗೆ ತಾನು ಇಷ್ಟು ಎತ್ತರದಿಂದ ಇಳಿದು ಬಂದೆನೆಂಬುದೇ ಗೊತ್ತಿರುವುದಿಲ್ಲ.

ಹಾಸನದವರೆಗೆ ರಾಗಿ ಹೊಲ, ತೆಂಗಿನ ತೋಟ, ಸ್ವಲ್ಪ ನಿದ್ದೆ. ಸಕಲೇಶಪುರದಲ್ಲಿ ರೈಲು ನಿಂತೇ ನಿಲ್ಲುತ್ತದೆ; ಘಾಟಿಗೆ ಇಳಿಯುವ ಮುಂಚೆ ಬ್ರೇಕು ಪರೀಕ್ಷೆ ಆಗಬೇಕು. ಕಳೆದ ಸಲ ನನ್ನ ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿ, ಅವಳೆದುರಿಗೆ ತಾತ. ಅಲ್ಲಿ ಕೊಂಡ ಕಿತ್ತಳೆಯನ್ನು ಹುಡುಗಿ ಕಿಟಕಿ ಪಕ್ಕದ ಪುಟ್ಟ ಮೇಜಿನ ಮೇಲಿಟ್ಟಳು. ರೈಲು ಹೊರಟು ದೋಣಿಗಲ್ ದಾಟಿತ್ತು. ಕಿತ್ತಳೆ ಒಮ್ಮೆ ಮಿಸುಕಿತು, ಯೋಚಿಸಿದಂತೆ ನಿಂತಿತು, ಆಮೇಲೆ ಮೆಲ್ಲಗೆ ಉರುಳಿ ತಾತನ ಮಡಿಲಿಗೆ ಬಿತ್ತು.

“ತಾತ, ನೀನು ಎಳ್ಕೊಂಡ್ಯಾ?”

“ನಾನ್ಯಾಕೆ ಎಳ್ಕೊಳ್ಳಲಿ? ಅದೇ ಬಂತು.”

ಮತ್ತೆ ಇಟ್ಟಳು. ಮತ್ತೆ ಬಂತು. ಇಲ್ಲಿ ಐವತ್ತು ಮೀಟರ್ ಹೋದರೆ ಒಂದು ಮೀಟರ್ ಇಳಿಜಾರು. ಕೂತ ಮೈಗೆ ಅದು ತಿಳಿಯದು, ಹಣ್ಣಿಗೆ ತಿಳಿಯಿತು. ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಪ್ರತಿ ಸುರಂಗಕ್ಕೂ ಬೋಗಿಯೆಲ್ಲ ಹೋ ಎಂದು ಕೂಗುತ್ತದೆ, ಬ್ಯಾಂಕ್ ಮ್ಯಾನೇಜರಿನಂತೆ ಕೂತಿದ್ದವರೂ ಕತ್ತಲಾದ ಮೇಲೆ ಕೂಗುತ್ತಾರೆ. (ನಾನೂ ಕೂಗಿದೆ.) ಎಣಿಸಲು ಹೊರಟು ಇಪ್ಪತ್ತರಾಚೆ ಲೆಕ್ಕ ತಪ್ಪಿತು. ಒಂದು ಕತ್ತಲಿಗೂ ಇನ್ನೊಂದಕ್ಕೂ ನಡುವೆ, ಸೇತುವೆಯ ಕೆಳಗೆ ಎಲ್ಲೋ ಆಳದಲ್ಲಿ, ಮರಗಳ ನೆತ್ತಿ. ಮರವನ್ನು ಕೆಳಗಿನಿಂದ ನೋಡಿಯೇ ಅಭ್ಯಾಸವಾದವನಿಗೆ ಅದೊಂದು ಬೇರೆಯೇ ಜೀವದಂತೆ ಕಂಡಿತು.

1979ರಲ್ಲಿ ಇಲ್ಲಿ ಮೀಟರ್ ಗೇಜ್ ಹಳಿ ಬಂತು. ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ರೈಲು ಮರಳಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ಹನ್ನೊಂದು ವರ್ಷ ಸುರಂಗಗಳಲ್ಲಿ ಹೀಗೆ ಕೂಗುವವರೇ ಇರಲಿಲ್ಲ.

ಘಾಟಿ ಇಳಿಯುತ್ತಿದ್ದಂತೆ ಗಾಳಿ ಭಾರವಾಯಿತು. ತಾತ ಸ್ವೆಟರ್ ಬಿಚ್ಚಿದರು. ಸುಬ್ರಹ್ಮಣ್ಯ ರೋಡ್‌ನ ಹಳದಿ ಫಲಕವನ್ನು ನಾನು ಓದುತ್ತಿದ್ದಾಗ ಹುಡುಗಿ, ನಿಂತ ರೈಲಿನಲ್ಲಿ, ಕಿತ್ತಳೆಯನ್ನು ಮತ್ತೊಮ್ಮೆ ಮೇಜಿನ ಮೇಲಿಟ್ಟು ಗಲ್ಲಕ್ಕೆ ಕೈಕೊಟ್ಟು ಕಾದಳು. ಅದು ಅಲುಗಲಿಲ್ಲ.

“ಮುಗೀತು ಬಿಡು,” ಎಂದು ತಾತ ಸಿಪ್ಪೆ ಸುಲಿಯತೊಡಗಿದರು. ನನಗೂ ಎರಡು ತೊಳೆ ಸಿಕ್ಕಿತು. ಹುಳಿ.