ಒರೆಸಿದ ಎಣ್ಣೆ

ವಸ್ತು ಸವೆಯುವುದು ತಪ್ಪಲ್ಲ, ಸವೆದದ್ದನ್ನು ಮುಚ್ಚಿಟ್ಟು ಮಾರುವುದು ತಪ್ಪು. ಈ ಮಾತಿಗೆ ಯಾರೂ ತಕರಾರು ಮಾಡಲಾರರು. ಆದರೆ ಮುಚ್ಚಿಟ್ಟ ಮೇಲೂ ಯಾರಿಗೂ ಏನೂ ಆಗಲಿಲ್ಲ ಎಂದಾದರೆ? ಆಗಲೂ ಅದು ತಪ್ಪೇ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವನು ಪಂಡಿತನಲ್ಲ. ಶಾರ್ಜಾದ ಗ್ಯಾರೇಜೊಂದರಲ್ಲಿ ಹಲವು ವರ್ಷ ಮೆಕ್ಯಾನಿಕ್ ಆಗಿದ್ದ ನಮ್ಮ ಚಾಚಾರ ಮಗ.

ಅಲ್ಲಿಗೊಂದು ದಿನ ಹಳೆಯ ಡಾಟ್ಸನ್ 240 ಝಡ್ ಬಂತು. 1969ರಲ್ಲಿ ಜಪಾನಿನಲ್ಲಿ ಹೊರಬಂದ, ಉದ್ದ ಮೂತಿಯ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರು ಅದು. ಆರು ಸಿಲಿಂಡರಿನ 2.4 ಲೀಟರ್ ಎಂಜಿನ್. ನಾಲ್ಕೂ ಚಕ್ರಗಳಿಗೆ ಸ್ಟ್ರಟ್. ಅಂದರೆ ಒಂದು ಉಕ್ಕಿನ ಕೊಳವೆ, ಅದರ ಮೇಲೆ ಸುರುಳಿ ಸ್ಪ್ರಿಂಗ್, ಒಳಗೆ ಶಾಕ್ ಅಬ್ಸಾರ್ಬರ್.

ಶಾಕ್ ಅಬ್ಸಾರ್ಬರ್ ಎಂಬ ಹೆಸರು ಅಷ್ಟು ಸರಿಯಲ್ಲ. ಗುಂಡಿಯ ಪೆಟ್ಟು ತಿನ್ನುವುದು ಸ್ಪ್ರಿಂಗ್. ಪೆಟ್ಟು ತಿಂದ ಸ್ಪ್ರಿಂಗ್ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸುವುದು ಇದರ ಕೆಲಸ. ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ಎಣ್ಣೆ ನುಸುಳುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಸೀಲು ಸವೆದು ಎಣ್ಣೆ ಸೋರಿತೋ, ಸ್ಪ್ರಿಂಗನ್ನು ಹಿಡಿಯುವವರಿಲ್ಲ. ಚಕ್ರ ರಸ್ತೆಯ ಮೇಲೆ ಪುಟಿಯುತ್ತಾ ಓಡುತ್ತದೆ. ಬ್ರೇಕು ಒತ್ತಿದರೂ ಸ್ಟಿಯರಿಂಗ್ ತಿರುಗಿಸಿದರೂ ಮಾತು ಕೇಳಬೇಕಾದ್ದು ರಸ್ತೆಗೆ ಅಂಟಿದ ಚಕ್ರ ತಾನೇ?

ಇದು ಒಂದೇ ದಿನದಲ್ಲಿ ಆಗುವುದಲ್ಲ. ದಿನಾ ಓಡಿಸುವವನಿಗೆ ತಿಳಿಯುವುದೂ ಇಲ್ಲ. ಕಾರು ಎಷ್ಟು ಸಡಿಲವಾಯಿತೋ ಅವನ ಕೈಯೂ ಅಷ್ಟಕ್ಕೆ ಹೊಂದಿಕೊಂಡಿರುತ್ತದೆ. 'ಹಳೆ ಗಾಡಿ, ಹೀಗೇ ಇರುತ್ತದೆ' ಎನ್ನುತ್ತಾನೆ. ನಮ್ಮ ಸಿಟ್ಟು, ನಮ್ಮ ಉದಾಸೀನಗಳ ಬಗ್ಗೆಯೂ ನಾವು ಹೀಗೆಯೇ ಹೇಳಿಕೊಳ್ಳುವುದಿಲ್ಲವೇ?

ರಿಪೇರಿಯೇನೂ ಬ್ರಹ್ಮವಿದ್ಯೆಯಲ್ಲ. ಸೋರುವುದು ಒಂದೇ ಆದರೂ ಎಡಬಲ ಎರಡನ್ನೂ ಬದಲಿಸಬೇಕು, ಇಲ್ಲದಿದ್ದರೆ ಕಾರು ಒಂದು ಬದಿಯಲ್ಲಿ ಒಂದು ರೀತಿ, ಇನ್ನೊಂದು ಬದಿಯಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ. ಸ್ಪ್ರಿಂಗನ್ನು ಕಂಪ್ರೆಸರಿನಿಂದ ಬಿಗಿದು ಹಿಡಿದ ಮೇಲೆಯೇ ಮೇಲಿನ ನಟ್ಟಿಗೆ ಕೈ ಹಾಕಬೇಕು. ಆತುರಪಟ್ಟರೆ ಅದು ಸಿಡಿದು ಮುಖಕ್ಕೆ ಬಡಿದೀತು. ಆಮೇಲೆ ಕೊಳವೆಯ ಬಾಯಿಯ ದೊಡ್ಡ ನಟ್ಟು ಬಿಚ್ಚಿ, ಹಳೆಯ ಪಿಸ್ಟನ್ ಎಳೆದು, ಕೊಳೆತ ಎಣ್ಣೆ ಚೆಲ್ಲಿ, ಹೊಸ ಕಾರ್ಟ್ರಿಜ್ ಇಳಿಸುತ್ತಾರೆ. ಬಿಸಿ ಹೊರಗೆ ಹೋಗಲೆಂದು ಕೊಳವೆಗೂ ಕಾರ್ಟ್ರಿಜ್ಜಿಗೂ ನಡುವೆ ಸ್ವಲ್ಪ ಎಣ್ಣೆ ಹಾಕುತ್ತಾರೆ. ಸವೆದ ರಬ್ಬರುಗಳನ್ನೂ ಬದಲಿಸಿ, ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ನೋಡುತ್ತಾರೆ. ಕೊಳವೆ ಹಳೆಯದೇ, ಜೀವ ಹೊಸದು.

ಆದರೆ ಆ ದಿನ ಇದೊಂದೂ ನಡೆಯಲಿಲ್ಲ. 'ನಾಳೆ ಗಿರಾಕಿ ಬರುತ್ತಾನೆ, ಎಣ್ಣೆ ಒರೆಸಿಡು' ಎಂದರು ಕಾರಿನ ಮಾಲೀಕರು. ಗ್ಯಾರೇಜಿನ ಧಣಿ ತಲೆಯಾಡಿಸಿದರು. ಇವನು ಒರೆಸಿದ. ಕಲೆಯ ಮೇಲೆ ಕರಿ ಬಣ್ಣ ಹೊಡೆದ. ಕೊಂಡವನು ಎಂಜಿನ್ನಿನ ಸದ್ದು ಕೇಳಿ, ಮೈಬಣ್ಣ ಸವರಿ, ಸಂತೋಷದಿಂದ ಒಯ್ದ.

'ಎರಡು ವರ್ಷದ ಮೇಲೆ ಅದೇ ಕಾರು ರಸ್ತೆಯಲ್ಲಿ ಕಂಡೆ ಭಾಯಿಜಾನ್. ಏನೂ ಆಗಿರಲಿಲ್ಲ. ಆದರೂ ಆ ಒರೆಸುವ ಬಟ್ಟೆ ನೆನಪಿಗೆ ಬರುತ್ತದಲ್ಲ, ಯಾಕೆ?'

ಅವನ ಪರವಾಗಿ ನಾವೇ ವಾದ ಹೂಡಿ ನೋಡಿದೆವು. ವೀಸಾ ಧಣಿಯ ಕೈಯಲ್ಲಿ, ಊರಲ್ಲಿ ಮನೆ ತುಂಬ ಜನ. ಇಲ್ಲ ಎನ್ನುವುದು ಸುಲಭವಿರಲಿಲ್ಲ. ಇದು ತಪ್ಪಿನ ಭಾರವನ್ನು ಮೂವರಿಗೆ ಹಂಚುತ್ತದೆ, ಇಲ್ಲವಾಗಿಸುವುದಿಲ್ಲ. ಕೊಳ್ಳುವವನು ನೋಡಿ ಕೊಳ್ಳಬೇಕಿತ್ತು ಎನ್ನೋಣವೇ? ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಬಹುದು, ನಡೆಸಿ ನೋಡಬಹುದು. ಇಲ್ಲಿ ಅವನು ನೋಡಬಹುದಾಗಿದ್ದ ಒಂದೇ ಗುರುತನ್ನು ಅಳಿಸಿದ್ದು ಈ ಕೈ. ಮಾಲೀಕರಿಗೂ ಮೊದಲು ತಿಳಿದಿರಲಿಕ್ಕಿಲ್ಲ. ಒರೆಸು ಎಂದ ಕ್ಷಣಕ್ಕೆ ಆ ಮುಗ್ಧತೆ ಮುಗಿಯಿತು.

ಉಳಿದದ್ದು ಕೊನೆಯ ಸಮಾಧಾನ, ಏನೂ ಆಗಲಿಲ್ಲವಲ್ಲ ಎಂಬುದು. ಆದರೆ ಆಗಲಿಲ್ಲವಾದ್ದು ಅದೃಷ್ಟ, ನಮ್ಮ ಪುಣ್ಯವಲ್ಲ. ಆ ಕಾರಿನಲ್ಲಿ ಕೂತವನನ್ನೂ ಎದುರು ರಸ್ತೆ ದಾಟುತ್ತಿದ್ದವರನ್ನೂ ಕೇಳದೆ ಅವರ ಜೀವವನ್ನು ಪಣಕ್ಕಿಟ್ಟದ್ದು ಬಟ್ಟೆ ಕೈಗೆತ್ತಿಕೊಂಡ ಆ ಹೊತ್ತಿನಲ್ಲೇ. ತಪ್ಪು ಅಪಘಾತಕ್ಕಾಗಿ ಕಾದು ನಿಲ್ಲುವುದಿಲ್ಲ. ಅವನ ನೆನಪು ಸರಿಯಾಗಿಯೇ ಇದೆ ಎಂದೆವು. ಅವನು ಮಾತಾಡಲಿಲ್ಲ.

ಈಗ ಊರಿನಲ್ಲಿ ಅವನದೇ ಸಣ್ಣ ಗ್ಯಾರೇಜಿದೆ. ಸ್ಪೋರ್ಟ್ಸ್ ಕಾರುಗಳೇನೂ ಬರುವುದಿಲ್ಲ, ಹಳೆಯ ಮಾರುತಿಗಳು ಬರುತ್ತವೆ. ಬಿಚ್ಚಿದ ಶಾಕ್ ಅಬ್ಸಾರ್ಬರನ್ನು ಎಣ್ಣೆ ಒರೆಸದೆ ಹಾಗೆಯೇ ಗಿರಾಕಿಯ ಮುಂದೆ ಹಿಡಿಯುತ್ತಾನೆ. 'ಕೈ ಕೊಳೆಯಾಗುತ್ತೆ ಅಣ್ಣಾ, ಆಗಲಿ. ಒಮ್ಮೆ ಒತ್ತಿ ನೋಡಿ' ಎನ್ನುತ್ತಾನೆ.