ಉಳಿದದ್ದರ ಅಳತೆ

ಆಸ್ತಿ ಹಂಚಿಹೋದ ಮನೆತನವನ್ನು ಕುರಿತು “ಅಲ್ಲಿ ಇನ್ನೇನು ಉಳಿದಿದೆ?” ಎಂದು ಜನರು ಆಡಿಕೊಳ್ಳುವದುಂಟು. ಪರಿಮಾಣವು ಹೋದರೆ ವಸ್ತುವೇ ಹೋಯಿತೆಂಬ ಭಾವನೆ ಈ ಮಾತಿನೊಳಗಿದೆ. ವಿಭಾಗಕ್ಕೆ ಕೊನೆಯಿಲ್ಲದಿದ್ದರೆ ಸಾಸಿವೆಗೂ ಮೇರುವಿಗೂ ಭೇದವುಳಿಯದೆಂದು ವೈಶೇಷಿಕರು ಪರಮಾಣುವಿನಲ್ಲಿ ಕೈತಡೆದರು. ಆದರೆ ಜರ್ಮನಿಯ ಗಣಿತಜ್ಞ ಗಿಯೋರ್ಗ್ ಕ್ಯಾಂಟರ್ 1883ರಲ್ಲಿ ವಿವರಿಸಿದ ಬಿಂದುಸಮೂಹದಲ್ಲಿ ಕೈತಡೆಯುವ ಮಾತೇ ಇಲ್ಲ.

ಗದಗಿನಿಂದ ಮುಂಡರಗಿಯವರೆಗಿನ ದಾರಿಯನ್ನು ಒಂದು ಮಾನದ ಸರಳರೇಖೆಯೆಂದು ಭಾವಿಸೋಣ. ಅದನ್ನು ಮೂರು ಸಮಭಾಗ ಮಾಡಿ, ಎರಡು ಕಡೆಯ ತುಂಡುಗಳನ್ನು ಅವುಗಳ ತುದಿಗಳೊಡನೆ ಉಳಿಸಿ, ನಡುವಿನದನ್ನು ತೆಗೆಯಬೇಕು. ಉಳಿದೆರಡರಲ್ಲಿಯೂ ಹಾಗೆಯೇ, ಬಳಿಕ ನಾಲ್ಕರಲ್ಲಿ, ಎಂಟರಲ್ಲಿ, ಹೀಗೆ ಅನಂತವಾಗಿ. ತೆಗೆದದ್ದು 1/3, 2/9, 4/27 ಎಂದು ಸಾಗುವದು. ಎಲ್ಲ ಕೂಡಿದರೆ ಸರಿಯಾಗಿ ಒಂದು. ದಾರಿಯೆಲ್ಲ ಹೋಯಿತು! ಆದರೂ ಉಳಿದ ಬಿಂದುಗಳನ್ನು ಮೊದಲಿನವುಗಳೊಡನೆ ಜೊತೆಗೂಡಿಸಿ ನೋಡಿದರೆ ಒಂದೂ ಕಡಿಮೆಯಾಗದು. ಇದಿಷ್ಟೇ ಆಗಿದ್ದರೆ ಸಾಸಿವೆ-ಮೇರುಗಳ ಹಳೆಯ ಚಮತ್ಕಾರವೆಂದು ಬಿಡಬಹುದಾಗಿತ್ತು.

ಸೋಜಿಗವಿರುವದು ಅಂತರಗಳಲ್ಲಿ. ನಟ್ಟನಡುವಿನ 1/2 ಎಂಬ ಬಿಂದು ಮೊದಲ ಕೊಯ್ತದಲ್ಲಿಯೇ ಹೋಯಿತು. ಆದರೆ ಅರ್ಧದಷ್ಟು ಅಂತರವು ಹೋಗಲಿಲ್ಲ. 1/4 ಮತ್ತು 3/4 ಎಂಬ ಬಿಂದುಗಳೆರಡೂ ಉಳಿದಿವೆ, ಅವುಗಳ ನಡುವೆ ಅದು ಇದೆ. ಸೊನ್ನೆಯಿಂದ ಒಂದರವರೆಗೆ ಯಾವ ಅಂತರವನ್ನು ಕೇಳಿದರೂ ಅಷ್ಟು ದೂರದ ಎರಡು ಬಿಂದುಗಳು ಇಲ್ಲಿ ಸಿಕ್ಕುವವೆಂದು ಪೋಲಂಡಿನ ಹ್ಯೂಗೋ ಸ್ಟೈನ್‌ಹಾಸ್ 1917ರಲ್ಲಿ ಸಿದ್ಧಪಡಿಸಿದರು. ಮೊದಲ ಕೊಯ್ತವನ್ನೇ ನೋಡಿರಿ: ಒಂದೇ ತುಂಡಿನೊಳಗಿನ ಅಂತರಗಳು ಸೊನ್ನೆಯಿಂದ 1/3ರವರೆಗೆ, ಎರಡು ತುಂಡುಗಳ ನಡುವಿನವು 1/3ರಿಂದ ಒಂದರವರೆಗೆ. ನಡುವೆ ಬಿರುಕಿಲ್ಲ. ಮುಂದಿನ ಕೊಯ್ತಗಳಲ್ಲಿಯೂ ಈ ಹೊಂದಿಕೆ ಮುರಿಯದು.

“ಅಳತೆ ಅಳಿದರೂ ಸಂಬಂಧ ಅಳಿಯದು” ಎಂದು ಇಲ್ಲಿಯೇ ವೇದಾಂತ ಹೇಳಹೊರಡುವವರು ತುಸು ತಾಳಬೇಕು. ನಡುವಿನ ಮೂರನೆಯ ಒಂದು ಭಾಗದ ಬದಲು ಅರ್ಧವನ್ನೇ ತೆಗೆದರೆ, ಒಂದೇ ಕೊಯ್ತಕ್ಕೆ 1/4ಕ್ಕಿಂತ ಹೆಚ್ಚಿನ, 1/2ಕ್ಕಿಂತ ಕಡಿಮೆಯ ಅಂತರವೊಂದೂ ಉಳಿಯದು. ಹೀಗೆಯೇ ತೆಗೆಯುತ್ತ ಹೋದರೆ ಇಲ್ಲಿಯೂ ಕಡೆಗೆ ಹೋಗುವ ಉದ್ದ ಒಂದೇ, ಉಳಿಯುವ ಉದ್ದ ಸೊನ್ನೆಯೇ. ನಷ್ಟವು ಸಮಾನ, ಉಳಿಕೆಯು ಸಮಾನವಲ್ಲ. ಎಷ್ಟು ಹೋಯಿತೆಂಬುದಕ್ಕಿಂತ ಹೇಗೆ ಹೋಯಿತೆಂಬುದೇ ಇಲ್ಲಿ ನಿರ್ಣಾಯಕವಾದದ್ದು.

ಶಿರಹಟ್ಟಿ-ಲಕ್ಷ್ಮೇಶ್ವರಗಳ ಕಡೆ ಹೊಲ ಹಿಸ್ಸೆಯಾಗುವಾಗ ಪಂಚರು ಎಕರೆ-ಗುಂಟೆಗಳನ್ನು ಬರೆದಿಡುವರು. ಅಣ್ಣನ ಬಾವಿಯಿಂದ ತಮ್ಮನ ಹೊಲಕ್ಕೆ ಹರಿಯುವ ನೀರು, ಒಬ್ಬನ ಬದುವಿನ ಮೇಲೆ ಇನ್ನೊಬ್ಬನ ಚಕ್ಕಡಿ ಹಾಯುವ ದಾರಿ, ಇವು ಯಾರ ಎಕರೆಯಲ್ಲಿಯೂ ಅಡಕವಾಗಲಾರವು. ಕೊಯ್ತ ಅತಿಯಾದಲ್ಲಿ ಮೊದಲು ಹೋಗುವವು ಇವೇ. ಪಂಚರ ಲೆಕ್ಕವಂತೂ ಆಗಲೂ ಗುಂಟೆಗೆ ಗುಂಟೆ ಸರಿಹೋಗುವದು.