ತೆಳು ಕೊಳವೆಯ ಸ್ವರೂಪ ಯಾವುದು?

ತೆಳುಗೋಡೆಯ ಲೋಹದ ಕೊಳವೆಯನ್ನು ಲೇತ್‌ನ ಮೂರು ಜಾ ಚಕ್ಕಿನಲ್ಲಿ, ಅಂದರೆ ಮೂರು ದವಡೆಗಳ ಹಿಡಿಕೆಯಲ್ಲಿ, ಬಿಗಿದರೆ ಅದು ದುಂಡಾಗಿ ಉಳಿಯುವುದಿಲ್ಲ. ಜಾ ಒತ್ತಿದಲ್ಲಿ ಗೋಡೆ ಒಳಕ್ಕೆ ತಗ್ಗುತ್ತದೆ, ನಡುನಡುವೆ ಹೊರಕ್ಕೆ ಉಬ್ಬುತ್ತದೆ. ಗೋಡೆಯ ದಪ್ಪ ಅರ್ಧವಾದರೆ ಬಾಗುವುದನ್ನು ತಡೆಯುವ ಅದರ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಹೀಗೆ ಬಾಗಿರುವಾಗಲೇ ಬೋರಿಂಗ್ ಮಾಡಿ ಒಳಗನ್ನು ಕೊರೆದರೆ ಒಳಮೈ ಒಳ್ಳೆಯ ವೃತ್ತವಾಗಿಯೇ ಬರುತ್ತದೆ. ಚಕ್ ಸಡಿಲಿಸಿದೊಡನೆ ಹೊರಮೈ ದುಂಡಗಾಗುತ್ತದೆ, ಒಳಮೈ ಮೂರು ಉಬ್ಬಿನ ಆಕಾರ ತಾಳುತ್ತದೆ. ಜಾ ಇದ್ದ ಕಡೆ ಗೋಡೆ ತೆಳು, ಉಳಿದೆಡೆ ದಪ್ಪ. ಇವೆರಡರಲ್ಲಿ ಕೊಳವೆಯ ಸ್ವರೂಪ ಯಾವುದು: ಹಿಡಿತದಲ್ಲಿದ್ದುದೋ, ಬಿಟ್ಟ ಮೇಲಿನದೋ?

ಅದ್ವೈತಿಗಳಿಗೆ ಇಂಥ ಪ್ರಶ್ನೆ ಹೊಸದಲ್ಲ. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಾಣುತ್ತದೆ. ಆ ಕೆಂಪು ಹೂವೆಂಬ ಉಪಾಧಿಯಿಂದ, ಅಂದರೆ ಪಕ್ಕದಲ್ಲಿದ್ದು ತನ್ನ ಗುಣವನ್ನು ಹೊರಿಸುವ ವಸ್ತುವಿನಿಂದ, ಬಂದದ್ದು. ಹೂವನ್ನು ಸರಿಸಿದರೆ ಸ್ಫಟಿಕ ಮೊದಲಿನಂತೆಯೇ ಇರುತ್ತದೆ. ಚಕ್ಕಿನ ಒತ್ತಡವನ್ನೂ ಉಪಾಧಿ ಎನ್ನಬಹುದು, ಆದರೆ ಟೂಲ್ ತಾಗುವವರೆಗೆ ಮಾತ್ರ. ಸ್ಫಟಿಕ ಕೆಂಪಾಗಿ ಕಂಡಿತಷ್ಟೆ, ಕೊಳವೆ ನಿಜಕ್ಕೂ ಬಾಗಿತ್ತು. ಬಾಗಿದ್ದಾಗ ಹೋದ ಲೋಹ ಮರಳಿ ಬರುವುದಿಲ್ಲ. ಉಪಾಧಿ ತೊಲಗಿದರೂ ಅದರ ಕಾಲದಲ್ಲಿ ನಡೆದ ಕ್ರಿಯೆಯ ಫಲ ಉಳಿಯುತ್ತದೆ. ಇದನ್ನು ವಿವರಿಸಲು ಸ್ಫಟಿಕದ ದೃಷ್ಟಾಂತ ಸಾಲದು.

ಇಲ್ಲಿ ವೈಶೇಷಿಕರು ಹೆಚ್ಚು ನೆರವಾಗುತ್ತಾರೆ. ಅವರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರಾಗಿ ಎಣಿಸುತ್ತಾರೆ. ಬಾಗಿಸಿದ ವಸ್ತುವನ್ನು ಹಿಂದಿನ ಸ್ಥಿತಿಗೆ ತರುವುದು ಮೂರನೆಯದು. ಅನ್ನಂಭಟ್ಟನ ತರ್ಕಸಂಗ್ರಹ ಇದಕ್ಕೆ ಚಾಪೆಯ ಉದಾಹರಣೆ ಕೊಡುತ್ತದೆ. ಕೊಳವೆಯ ಗೋಡೆಯನ್ನು ಹಿಂದಕ್ಕೆ ತರುವುದೂ ಇಂಥದೇ ಗುಣ. ವಿಚಿತ್ರವೆಂದರೆ, ವೃತ್ತವನ್ನು ಕೆಡಿಸುವುದೂ ಅದೇ. ಗೋಡೆ ಬಾಗಿದಂತೆಯೇ ನಿಂತಿದ್ದರೆ ಒಳಮೈ ದುಂಡಾಗಿಯೇ ಇರುತ್ತಿತ್ತು.

ದೋಷವನ್ನು ಅರಿಯುವ ಪ್ರಮಾಣವೂ ಸುಲಭದ್ದಲ್ಲ. ಎದುರುಬದುರಿನ ಎರಡು ಬಿಂದುಗಳ ನಡುವೆ ಅಳೆಯುವ ಮೈಕ್ರೋಮೀಟರ್ ಮೂರು ಉಬ್ಬಿನ ರಂಧ್ರದಲ್ಲಿ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸಬಲ್ಲದು, ಏಕೆಂದರೆ ಪ್ರತಿ ಉಬ್ಬಿನ ಎದುರಿಗೂ ಒಂದು ತಗ್ಗು ಇರುತ್ತದೆ. ಕೆಲಸ ಚಕ್ಕಿನಲ್ಲಿರುವಾಗಲೇ ಡಯಲ್ ಹಿಡಿದು ನೋಡಿದರೂ ಮುಳ್ಳು ಅಲುಗುವುದಿಲ್ಲ. ಮೂರು ಬಿಂದುಗಳಲ್ಲಿ ತಾಗುವ ಗೇಜನ್ನು ಬಿಡಿ ಕೊಳವೆಯೊಳಗೆ ತಿರುಗಿಸಿ ನೋಡಿದಾಗಲೇ ದೋಷ ಬಯಲಾಗುವುದು.

ಪರಿಹಾರಗಳ ಮರ್ಮ ಹಿಡಿತವನ್ನು ಹಂಚುವುದರಲ್ಲಿದೆ. ಕೊಳವೆಯ ಅಳತೆಗೇ ಬೋರ್ ಮಾಡಿದ ಅಗಲವಾದ ಸಾಫ್ಟ್ ಜಾ ಅಥವಾ ಸೀಳಿದ ತೋಳು ಬಳಸಿದರೆ ಒತ್ತಡ ಸುತ್ತಲೂ ಹರಡುತ್ತದೆ. ಹೊರಮೈ ಕೊರೆಯುವಾಗ ಒಳಗೆ ಬಿಗಿಯಾದ ಮ್ಯಾಂಡ್ರಿಲ್ ಇರಬೇಕು. ಕೊನೆಯ ಕಟ್‌ಗೆ ಮುನ್ನ ಜಾಗಳನ್ನು ತುಸು ಸಡಿಲಿಸಿ, ಹರಿತವಾದ ಟೂಲಿನಿಂದ ಹಗುರವಾಗಿ ತೆಗೆಯುವುದು ಹಳೆಯ ಟರ್ನರುಗಳ ರೂಢಿ. ಇನ್ನೂ ಒಳ್ಳೆಯ ಉಪಾಯ, ಪಕ್ಕದ ಫ್ಲ್ಯಾಂಜಿನ ಮೇಲೆ ಅಕ್ಷದ ದಿಕ್ಕಿನಲ್ಲೇ ಒತ್ತಿ ಹಿಡಿಯುವುದು. ಆಗ ಗೋಡೆಯನ್ನು ಯಾವ ಜಾವೂ ಒತ್ತುವುದೇ ಇಲ್ಲ.

ಹಾಗೆಂದು ಬಿಡಿ ರೂಪವೇ ಸದಾ ನಿಜವೆನ್ನಲಾಗದು. ಯಂತ್ರದ ನಕ್ಷೆಗಳಲ್ಲಿ ಬಾಗುವ ಬಿಡಿಭಾಗಗಳಿಗೆ ಅಳತೆಯ ಸ್ಥಿತಿಯನ್ನು ಬೇರೆಯಾಗಿ ನಮೂದಿಸುವ ಪದ್ಧತಿಯಿದೆ. ತೆಳುವಾದ ಬೇರಿಂಗ್ ಉಂಗುರ ಕೈಯಲ್ಲಿ ಸ್ವಲ್ಪ ಸೊಟ್ಟಗಿದ್ದರೂ ಹೌಸಿಂಗಿನಲ್ಲಿ ಕೂತಾಗ ದುಂಡಾದರೆ ಕೆಲಸಕ್ಕೆ ಒದಗುತ್ತದೆ. ಅಂಥದಕ್ಕೆ ಹಿಡಿತದಲ್ಲಿನ ರೂಪವೇ ಸ್ವರೂಪ. ತನ್ನಷ್ಟಕ್ಕೆ ನಿಂತು ಕೆಲಸ ಮಾಡಬೇಕಾದ ಕೊಳವೆಗೆ ಮಾತ್ರ ಬಿಟ್ಟ ಮೇಲಿನದು.